ಒಂದು ಕ್ರೂಸರ್, ಒಂದು ಪ್ಲಗ್, 75 ನಿಮಿಷ: ಸಣ್ಣ ತಂಡದ ಪ್ರಯೋಗ ನಾಟಕವನ್ನು ಊರೂರಿಗೆ ಒಯ್ಯುವ ಬಗೆ

ಬಳ್ಳಾರಿಯ ರಾಘವ ಕಲಾಮಂದಿರದಲ್ಲೋ ರಾಯಚೂರಿನ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರದಲ್ಲೋ ಚಪ್ಪಾಳೆ ಗಿಟ್ಟಿಸಿದ ನಾಟಕ ಮಸ್ಕಿಯ ಶಾಲೆ ಅಂಗಳಕ್ಕೆ ಬಂದಾಗ ಮುಗ್ಗರಿಸುವುದು ಅಪರೂಪವಲ್ಲ. ಹಳ್ಳಿಯವರಿಗೆ ಪ್ರಯೋಗ ಅರ್ಥವಾಗಲಿಲ್ಲ ಎಂದು ತಂಡ ಗೊಣಗುತ್ತದೆ. ಆಗಿದ್ದೇ ಬೇರೆ. ಕತ್ತಲೆಯನ್ನು ನಂಬಿ ಕಟ್ಟಿದ ದೃಶ್ಯ ಬೀದಿದೀಪದ ಕೆಳಗೆ ನಡೆಯಿತು, ಮೆಲುದನಿಯ ಮಾತನ್ನು ಟ್ರ್ಯಾಕ್ಟರ್ ನುಂಗಿತು, ಕೊನೆಯ ದೃಶ್ಯ ಬರುವಷ್ಟರಲ್ಲಿ ಮೈಕು ಬಂದ್ ಮಾಡಿಸಲು ಪೊಲೀಸರು ಬಂದರು. ರಾತ್ರಿಯಿಡೀ ಬಯಲಾಟ ನೋಡಿದ ಜನಕ್ಕೆ, ನಟ ಒಂದು ಸುತ್ತು ಕುಣಿದರೆ ಅರಮನೆ ಹೋಗಿ ಅಡವಿ ಆಗುತ್ತದೆ ಎಂಬುದು ಹೊಸ ಸಂಗತಿಯಲ್ಲ. ಅವರು ಸಹಿಸದಿರುವುದು ಕೇಳಿಸದ ನಾಟಕವನ್ನು, ಕಾಣಿಸದ ನಟನನ್ನು.

ಹಾಗಾಗಿ ರಂಗಮಂದಿರಕ್ಕೆ ಕಟ್ಟಿ ಆಮೇಲೆ ಹಳ್ಳಿಗೆ ಕತ್ತರಿಸುವ ಕೆಲಸ ಬೇಡ. ಗಾಡಿ, ಕರೆಂಟು, ಗಡಿಯಾರ ಈ ಮೂರರ ಅಳತೆ ಮೊದಲು ತೆಗೆಯಿರಿ, ನಾಟಕ ಆಮೇಲೆ ಶುರುವಾಗಲಿ. ಊರೂರು ಸುತ್ತಿ ನಾಟಕ ಆಡುವ, 1985ರಲ್ಲಿ ಶುರುವಾದ ನೀನಾಸಂ ತಿರುಗಾಟಕ್ಕಾಗಲಿ ಸಾಣೇಹಳ್ಳಿಯ ಶಿವಸಂಚಾರಕ್ಕಾಗಲಿ ದೊಡ್ಡ ಬಳಗವಿದೆ, ಊರೂರಿನಲ್ಲಿ ಸಂಘಟಕರಿದ್ದಾರೆ. ಏಳು ಜನರ ತಂಡ ಅವರ ಲೆಕ್ಕ ಹಿಡಿದರೆ ಮೂರನೇ ಊರಿಗೇ ಸಾಲ. 1970ರ ದಶಕದಲ್ಲಿ ಬಂಗಾಳಿ ನಾಟಕಕಾರ ಬಾದಲ್ ಸರ್ಕಾರ್ ರಂಗಸಜ್ಜಿಕೆ, ದೀಪ, ಟಿಕೆಟ್ಟು ಎಲ್ಲ ಬಿಟ್ಟು ನಟನ ಮೈಯೊಂದನ್ನೇ ಉಳಿಸಿಕೊಂಡ ದಾರಿ ನಿಮಗೆ ಹೆಚ್ಚು ಹತ್ತಿರದ್ದು.

ಮೊದಲು ಅಳತೆ

ಬಳ್ಳಾರಿ, ಕೊಪ್ಪಳ, ರಾಯಚೂರಿನ ಈ ಸೀಮೆಯಲ್ಲಿ ಸುಲಭವಾಗಿ ಸಿಗುವ ಬಾಡಿಗೆ ಗಾಡಿ ಜೀಪಿನಂಥ ಕ್ರೂಸರ್. ಡ್ರೈವರ್ ಬಿಟ್ಟು 12 ಸೀಟು. ಏಳು ಜನ ಕೂತರೆ ಹಿಂದಿನ ಸೀಟುಗಳಲ್ಲಿ ದೀಪ, ಸ್ಪೀಕರ್, ವಾದ್ಯ ಹಿಡಿಯುತ್ತವೆ. ಬಿದಿರು, ಪೆಟ್ಟಿಗೆ, ತಾಡಪತ್ರಿ ಮೇಲಿನ ಕ್ಯಾರಿಯರ್‌ಗೆ. ಕ್ಯಾರಿಯರ್ ಅನ್ನು ಟೇಪು ಹಿಡಿದು ಅಳೆಯಿರಿ. ರಂಗಸಜ್ಜಿಕೆಯ ಯಾವ ತುಂಡೂ ಆರೂವರೆ ಅಡಿ ದಾಟದಿದ್ದರೆ ಯಾವ ಗಾಡಿ ಬಂದರೂ ನಡೆಯುತ್ತದೆ. ಸಾಮಾನಿಗೆಂದು ಛೋಟಾ ಹಾಥಿ (ಸಣ್ಣ ಸರಕು ಗಾಡಿ) ಮಾಡಿ, ಹಿಂದೆ ಸಾಮಾನಿನ ಮೇಲೆ ನಟರನ್ನು ಕೂರಿಸುವುದು ಕಾನೂನಿಗೂ ವಿರುದ್ಧ, ಸೊಂಟಕ್ಕೂ ವಿರುದ್ಧ.

ಏಳು ಜನ ಎಂದರೆ ಐವರು ನಟರು, ಒಬ್ಬ ಹಾಡು-ವಾದ್ಯಕ್ಕೆ, ಒಬ್ಬ ಬೆಳಕು ಮತ್ತು ವ್ಯವಸ್ಥೆಗೆ. ಸಾಮಾನು ಇಳಿಸುವಾಗ ಎಲ್ಲರೂ ಹಮಾಲರೇ. ಹತ್ತು ಊರು ತಿರುಗುವಷ್ಟರಲ್ಲಿ ಒಬ್ಬರಿಗಾದರೂ ಗಂಟಲು ಕಟ್ಟುತ್ತದೆ ಇಲ್ಲವೇ ಹೊಟ್ಟೆ ಕೆಡುತ್ತದೆ. ಅದಕ್ಕೆ ಪ್ರತಿ ಪಾತ್ರದ ಮಾತೂ ಇನ್ನೊಬ್ಬರಿಗೆ ಬಾಯಿಪಾಠವಿರಲಿ. ತಾಲೀಮಿನ ಕೊನೆಯ ವಾರದಲ್ಲಿ ದಿನಕ್ಕೊಬ್ಬರನ್ನು ಹೊರಗೆ ಕೂರಿಸಿ ಪೂರ್ತಿ ನಾಟಕ ಆಡಿ ನೋಡಿ.

ಆಟದ ಜಾಗ 20 ಅಡಿ ಅಗಲ, 16 ಅಡಿ ಆಳ, ಮೂರು ಕಡೆ ಜನ. ಹಿಂದೆ ಗೋಡೆಯಿದ್ದರೆ ದನಿ ತಿರುಗಿ ಜನರ ಕಡೆಗೇ ಬರುತ್ತದೆ. ಕೊನೆಯ ಸಾಲು 40–45 ಅಡಿ ದಾಟಿದರೆ ಬರೀ ಗಂಟಲು ಸಾಲದು.

ಇನ್ನು ಗಡಿಯಾರ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಹೊಲದಿಂದ ಬಂದು, ರೊಟ್ಟಿ ಬಡಿದು, ಉಂಡು, ಮಕ್ಕಳನ್ನು ಕರೆದುಕೊಂಡು ಹೆಂಗಸರು ಹೊರಬೀಳುವುದು ಎಂಟರ ಮೇಲೆ. ಏಳಕ್ಕೆ ಶುರು ಮಾಡಿದರೆ ಗಂಡಸರು, ಹುಡುಗರು ಮಾತ್ರ ಸಿಗುತ್ತಾರೆ. 8:15ಕ್ಕೆ ಶುರು, 9:30ಕ್ಕೆ ಮುಕ್ತಾಯ, ಉಳಿದ ಹೊತ್ತು ಮಾತುಕತೆಗೆ. ನಾಟಕ 75 ನಿಮಿಷ ಎಂಬುದು ಹೀಗೆ ಬಂದ ಲೆಕ್ಕ. ಬೆಳಗಿನತನಕ ನೋಡಿ ರೂಢಿಯಾದವರು ‘ಇಷ್ಟಕ್ಕ ಮುಗೀತೇನ್ರಿ?’ ಅನ್ನುತ್ತಾರೆ. ಒಂದೂಕಾಲು ತಾಸಿನ ಆಟ ಎಂದು ಸಾರುವಾಗಲೇ ಹೇಳಿಬಿಡಿ.

ಪಠ್ಯ ಮತ್ತು ಹಕ್ಕು

ಲೇಖಕ ತೀರಿಕೊಂಡು 60 ವರ್ಷ ತುಂಬುವವರೆಗೆ ಹಕ್ಕುಸ್ವಾಮ್ಯ ಇರುತ್ತದೆ. 1946ರಲ್ಲಿ ತೀರಿಕೊಂಡ ಕೈಲಾಸಂ ಅವರ ನಾಟಕಕ್ಕೆ ಯಾರ ಅಪ್ಪಣೆಯೂ ಬೇಡ. ವಚನ, ತತ್ವಪದ, ಜನಪದ ಕಥೆಗಳ ಮೂಲಕ್ಕೂ ಬೇಡ. ಆದರೆ ಹಳೆಯ ನಾಟಕದ ಹೊಸ ಅನುವಾದಕ್ಕೆ ಅನುವಾದಕರ ಹಕ್ಕು ಬೇರೆಯೇ ಇರುತ್ತದೆ, ಇಲ್ಲಿ ಎಡವುವವರೇ ಹೆಚ್ಚು. ಹವ್ಯಾಸಿ ಸಂಘ ದುಡ್ಡು ಕೊಡದ ಪ್ರೇಕ್ಷಕರಿಗೆ ಆಡಿದರೆ ಕಾನೂನಿನಲ್ಲಿ ವಿನಾಯಿತಿ ಇದೆ ನಿಜ. ಸಂಭಾವನೆ ಪಡೆದು ತಿರುಗುವ ತಂಡ ಅದನ್ನು ನೆಚ್ಚಬಾರದು. ಎಷ್ಟು ಪ್ರಯೋಗ, ಪ್ರಯೋಗಕ್ಕೆಷ್ಟು ಗೌರವಧನ ಎಂಬ ಎರಡು ಸಾಲು ಬರೆಸಿಕೊಂಡರೆ ಸಾಕು.

ಭಾಷೆಯ ಬಗ್ಗೆ ಒಂದು ಮಾತು. ಟೀವಿಯಲ್ಲಿ ಕಲಿತ ‘ಉತ್ತರ ಕರ್ನಾಟಕ ಭಾಷೆ’ ಇಲ್ಲಿ ನಡೆಯದು. ಸಿರುಗುಪ್ಪದ ಮಾತಿನಲ್ಲಿ ತೆಲುಗು ಬೆರೆತಿದೆ, ರಾಯಚೂರು ಪೇಟೆಯಲ್ಲಿ ದಖನಿ ಉರ್ದು, ಕುಷ್ಟಗಿಯ ಧಾಟಿ ಇನ್ನೊಂದು. ನಟರು ತಮ್ಮ ತಮ್ಮ ಮನೆಮಾತಿನ ಕನ್ನಡದಲ್ಲೇ ಆಡಲಿ. ನಗಿಸಲೆಂದು ಊರಿನವರ ಮಾತನ್ನೇ ಅಣಕಿಸಿದರೆ ಮೊದಲ ಐದು ನಿಮಿಷ ನಗುತ್ತಾರೆ, ಆಮೇಲೆ ನಾಟಕವನ್ನು ಕೈಬಿಡುತ್ತಾರೆ.

ರಂಗಸಜ್ಜಿಕೆ

12 ಎಂಎಂ ಪ್ಲೈವುಡ್ಡಿನ ಮೂರು ಪೆಟ್ಟಿಗೆ ಮಾಡಿಸಿ: 18, 16, 14 ಇಂಚಿನ ಘನಾಕೃತಿ, ಒಂದು ಮುಖ ತೆರೆದಿರಲಿ. ಒಂದರೊಳಗೊಂದು ಕೂರುತ್ತವೆ, ಸಣ್ಣದರಲ್ಲಿ ವೈರಿನ ಸುರುಳಿ. ದೊಡ್ಡದು ಏಳೆಂಟು ಕಿಲೋ ತೂಗುತ್ತದೆ. ಗದ್ದುಗೆ, ಬಾವಿಕಟ್ಟೆ, ಶವಪೆಟ್ಟಿಗೆ, ಬ್ಯಾಂಕಿನ ಮೇಜು ಎಲ್ಲ ಇವುಗಳಲ್ಲೇ. ತೆರೆದ ಮುಖದ ಅಂಚಿಗೆ ಒಳಗಿನಿಂದ, ಒಂದರೊಳಗೊಂದು ಕೂರಲು ಅಡ್ಡಿಯಾಗದಷ್ಟು ತೆಳು ರೀಪು ಹೊಡೆಸಿ. ಇಲ್ಲದಿದ್ದರೆ ನಟ ಮೇಲಿಂದ ಜಿಗಿದ ನಾಲ್ಕನೇ ದಿನಕ್ಕೆ ಮೂಲೆ ಬಿಡುತ್ತದೆ.

ಹಿನ್ನೆಲೆಗೆ ಬಟ್ಟೆಯ ಪರದೆ ಕಟ್ಟುವವರು ಗಾಳಿಯನ್ನು ಮರೆತಿರುತ್ತಾರೆ. ಕೊಪ್ಪಳ, ಯಲಬುರ್ಗಾ ಬಯಲಲ್ಲಿ ಅದು ಪರದೆಯಾಗಿ ಉಳಿಯದೆ ಹಡಗಿನ ಹಾಯಿ ಆಗುತ್ತದೆ. ಎರಡು ಹಳೆ ಕೌದಿ ಜೋಡಿಸಿ ಹೊಲಿಸಿ, ಕೆಳಗೆ ಒಂದಡಿ ಬಿಟ್ಟು ಕಟ್ಟಿ, ಎತ್ತರ ಆರೂವರೆ ಅಡಿಗೆ ನಿಲ್ಲಿಸಿ. ಕೌದಿ ಭಾರ, ಅಲುಗಾಡುವುದು ಕಡಿಮೆ, ದೀಪದ ಬೆಳಕು ಹಿಂದಿನಿಂದ ತೂರುವುದಿಲ್ಲ, ನೋಡಲೂ ನಮ್ಮ ಮನೆಯದು. ಗಳಗಳನ್ನು ನೆಡಲು ನೆಲ ಅಗೆಯಬೇಡಿ. 15 ಕಿಲೋ ಎಣ್ಣೆಡಬ್ಬಿಯಲ್ಲಿ ಗಳ ನಿಲ್ಲಿಸಿ ಅಲ್ಲಿನದೇ ಮಣ್ಣು ತುಂಬಿ. ಹೋಗುವಾಗ ಸುರಿದರೆ ಖಾಲಿ ಡಬ್ಬಿ ಹಗುರ.

ನೆಲದ ವಿಷಯ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ನಟರು ಬರಿಗಾಲು, ನೆಲದಲ್ಲಿ ಬಳ್ಳಾರಿ ಜಾಲಿಯ ಮುಳ್ಳು, ನೆಗ್ಗಿಲು. ಕಸಬರಿಗೆಯಿಂದ ಎರಡು ಸಲ ಗುಡಿಸಿ, ಬೆಳಕಿರುವಾಗಲೇ ಇಬ್ಬರು ಕುಕ್ಕರಗಾಲಲ್ಲಿ ಕೂತು ಕೈಯಿಂದ ಹುಡುಕಬೇಕು. ಜಾಲಿಮುಳ್ಳು ತೆಳು ಚಪ್ಪಲಿಯನ್ನೂ ತೂರಿ ಬರುತ್ತದೆ. ಧೂಳೇಳದಂತೆ ನೀರು ಚಿಮುಕಿಸುವುದು ಕೆಂಪು ನೆಲದಲ್ಲಿ ಸರಿ. ಎರಿ (ಕಪ್ಪು ಮಣ್ಣಿನ) ನೆಲದಲ್ಲಿ ಚಿಮುಕಿಸಿದರೆ ಕಾಲಿಗೆ ಮೆತ್ತಿ ನಟ ಜಾರುತ್ತಾನೆ. ಅಲ್ಲಿ ತಾಡಪತ್ರಿ ಹಾಸಿ ಮೇಲೆ ದಪ್ಪ ಜಮಖಾನ ಹಾಕಿ. ಬರೀ ತಾಡಪತ್ರಿಯ ಮೇಲೆ ಇಬ್ಬನಿ ಬಿದ್ದರೆ ಅದೂ ಜಾರುವುದೇ.

ಕರೆಂಟು ಮತ್ತು ಬೆಳಕು

ಹಳೆಯ ಹ್ಯಾಲೊಜನ್ ದೀಪ 500 ವ್ಯಾಟಿನವು ಆರು ಹಚ್ಚಿದರೆ 3,000 ವ್ಯಾಟ್, 13 ಆಂಪಿಯರ್. ಶಾಲೆಯ ಸಾದಾ ಪ್ಲಗ್ಗು ತಡೆಯುವುದು 6. ಪ್ಲಗ್ಗು ಕಂದುಬಣ್ಣಕ್ಕೆ ತಿರುಗಿ ವಾಸನೆ ಬರುವುದು ಹೀಗೆ. 100 ವ್ಯಾಟಿನ ಎಲ್‌ಇಡಿ ನಾಲ್ಕು, ಎರಡು ಸ್ಪೀಕರ್, ಎಲ್ಲ ಸೇರಿ 600 ವ್ಯಾಟ್ ಆದರೆ ಮೂರು ಆಂಪಿಯರ್ ಒಳಗೆ ಮುಗಿಯುತ್ತದೆ. ದೀಪ ಕೊಳ್ಳುವಾಗ ಹಿಂಬದಿಯಲ್ಲಿ 100–240 ವೋಲ್ಟ್ ಎಂದು ಬರೆದಿದೆಯೇ ನೋಡಿ. ಸಂಜೆ ಏಳರಿಂದ ಎಂಟೂವರೆಗೆ ಹಳ್ಳಿಯ ವೋಲ್ಟೇಜು 180ಕ್ಕೆ ಇಳಿದರೂ ಅವು ಮಿಣುಕುವುದಿಲ್ಲ.

ಕಿಟ್ಟಿನಲ್ಲಿ ಇರಬೇಕಾದ್ದು: 2.5 ಚದರ ಎಂಎಂ ತಾಮ್ರದ ಮೂರೆಳೆ ವೈರು 30 ಮೀಟರ್, 16 ಆಂಪಿಯರ್ ಎಂಸಿಬಿ (ಕರೆಂಟು ಮಿತಿ ಮೀರಿದರೆ ಕಡಿಯುವ ಸ್ವಿಚ್ಚು) ಮತ್ತು 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ಕಡಿಯುವ ಸ್ವಿಚ್ಚು) ಕೂರಿಸಿದ ಬೋರ್ಡು, ಪ್ಲಗ್ಗಿಗೆ ಸಿಕ್ಕಿಸುವ ಸಣ್ಣ ವೋಲ್ಟ್‌ಮೀಟರು, ಟೆಸ್ಟರು, ವೈರಿನ ತುದಿಗೆ ಕಟ್ಟಿದ, ಎಲ್‌ಇಡಿ ಅಲ್ಲದ ಹಳೆಯ ತಂತಿ ಬಲ್ಬು. ಯಾವುದನ್ನು ಸಿಕ್ಕಿಸುವ ಮೊದಲೂ ವೋಲ್ಟೇಜು ಅಳೆಯಿರಿ. ಇಳಿದ ವೋಲ್ಟೇಜಿಗಿಂತ ಏರಿದ್ದು ಅಪಾಯ: ಟ್ರಾನ್ಸ್‌ಫಾರ್ಮರ್ ಕಡೆ ನ್ಯೂಟ್ರಲ್ ಕಡಿದಿದ್ದರೆ 300 ದಾಟಿ ಬಂದು ಸ್ಪೀಕರ್, ದೀಪ ಎಲ್ಲ ಒಂದೇ ಏಟಿಗೆ ಹೋಗುತ್ತವೆ. ಆಮೇಲೆ ಗೋಡೆಯ ಪ್ಲಗ್ಗಿನಲ್ಲಿ ಫೇಸಿಗೂ ಅರ್ಥಿಗೂ ಬಲ್ಬು ಹಚ್ಚಿ ನೋಡಿ. ಮಂಕಾಗಿ ಉರಿದರೆ ಅಥವಾ ಉರಿಯದಿದ್ದರೆ ಅರ್ಥಿಂಗ್ ಹೆಸರಿಗಷ್ಟೇ ಇದೆ. ಬೇರೆ ಪ್ಲಗ್ ಹುಡುಕಿ, ಎಲ್ಲೂ ಇಲ್ಲದಿದ್ದರೆ ಆ ರಾತ್ರಿ ಬ್ಯಾಟರಿಯ ಮೇಲೇ ನಡೆಸಿ. ‘ಕಂಬಕ್ಕ ಕೊಂಡಿ ಹಾಕ್ತೀವಿ ತಗೋರಿ’ ಎನ್ನುವ ಉತ್ಸಾಹಿ ಪ್ರತಿ ಊರಲ್ಲೂ ಒಬ್ಬನಿರುತ್ತಾನೆ. ಅವನಿಗೆ ಚಹಾ ಕುಡಿಸಿ, ಕಂಬ ಹತ್ತಿಸಬೇಡಿ. ಶಕ್ತಿನಗರದಲ್ಲೂ ಕುಡತಿನಿಯಲ್ಲೂ ಕರೆಂಟು ತಯಾರಿಸುವ ಸೀಮೆಯಲ್ಲಿ ಇದನ್ನೆಲ್ಲ ಬರೆಯಬೇಕಾದ್ದು ವಿಚಿತ್ರವೇ ಸರಿ.

ಬ್ಯಾಟರಿಯ ಲೆಕ್ಕ ಹೀಗೆ: 12 ವೋಲ್ಟ್, 150 ಆಂಪಿಯರ್-ಅವರ್ ಎಂದರೆ ಕಾಗದದ ಮೇಲೆ 1,800 ವ್ಯಾಟ್-ಅವರ್. ಲೆಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಇನ್ವರ್ಟರಿನಲ್ಲಿ ಇನ್ನಷ್ಟು ಸೋರುತ್ತದೆ. ಕೈಗೆ ಸಿಗುವುದು 700ರ ಆಸುಪಾಸು. ಎರಡು ದೀಪ, ಒಂದು ಸ್ಪೀಕರ್ ಸೇರಿ 250 ವ್ಯಾಟಿಗೆ ಇಳಿಸಿಕೊಂಡರೆ ಎರಡೂವರೆ ತಾಸು. ಅಂದರೆ ಪೂರ್ತಿ ನಾಟಕ ಎರಡು ದೀಪದಲ್ಲೂ ಆಡಲು ಬರಬೇಕು, ಅದನ್ನೂ ತಾಲೀಮಿನಲ್ಲೇ ಕಲಿಯಿರಿ. ಆಸಿಡ್ ಬ್ಯಾಟರಿ ಕ್ಯಾರಿಯರ್ ಮೇಲೆ ಬೇಡ, ಗಾಡಿಯೊಳಗೆ ನೆಟ್ಟಗೆ ಹಗ್ಗ ಬಿಗಿದು ಇಡಿ, ಕಿಟಕಿ ತೆರೆದಿರಲಿ.

ಮುಂದಿನ ಎರಡು ದೀಪ ಹತ್ತಡಿ ಎತ್ತರದಲ್ಲಿ, ಎರಡು ಮೂಲೆಗಳಿಂದ ಓರೆಯಾಗಿ ಬೀಳಲಿ. ತಗ್ಗಿಸಿದರೆ ಎದುರಿಗೆ ಕೂತವರ ಕಣ್ಣು ಕುಕ್ಕುತ್ತದೆ. ಉಳಿದೆರಡು ಹಿಂದಿನಿಂದ. ಸ್ಟ್ಯಾಂಡಿನ ಪ್ರತಿ ಕಾಲಿಗೂ ಹತ್ತು ಕಿಲೋ ಮಣ್ಣಿನ ಚೀಲ. ಪೂರ್ತಿ ಕತ್ತಲೆ ಮಾಡಿ ದೃಶ್ಯ ಬದಲಿಸುವ ಯೋಚನೆಯನ್ನು ಬಿಟ್ಟುಬಿಡಿ. ಬೀದಿದೀಪ, ಹುಣ್ಣಿಮೆ, ಬೈಕಿನ ಲೈಟು, ಮೊಬೈಲು ಯಾವುದೂ ನಿಮ್ಮ ಮಾತು ಕೇಳುವುದಿಲ್ಲ. ಹಲಗೆ ವಾದ್ಯದ ಮೂರು ಪೆಟ್ಟು, ನಟರು ಬೆನ್ನು ತಿರುಗಿಸುವುದು, ಇಷ್ಟಕ್ಕೆ ದೃಶ್ಯ ಬದಲಾಗುವಂತೆ ಕಟ್ಟಿದರೆ ಸಾಕು.

ಭತ್ತದ ಸೀಮೆಯಲ್ಲಿ, ಅಂದರೆ ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದಲ್ಲಿ, ಪೈರು ನಿಂತ ಕಾಲಕ್ಕೆ ದೀಪಕ್ಕೆ ಹಸಿರು ಜಿಗಿಹುಳು ಮುತ್ತುತ್ತವೆ. ನಟ ಬಾಯಿ ತೆರೆದರೆ ನಾಲ್ಕು ಒಳಗೆ. ಬಿಳಿ ಬೆಳಕಿಗೆ ಹುಳು ಹೆಚ್ಚು, ಹಳದಿಗೆ ಕಡಿಮೆ. ಆದ್ದರಿಂದ 3,000 ಕೆಲ್ವಿನ್ ಹಳದಿ ದೀಪವನ್ನೇ ಕೊಳ್ಳಿ. ಜೊತೆಗೆ 40–50 ಅಡಿ ದೂರದಲ್ಲಿ ಎತ್ತರಕ್ಕೆ ಒಂದು ಬಿಳಿ ಬಲ್ಬು ಕಟ್ಟಿ ನಾಟಕಕ್ಕೆ ಒಂದು ತಾಸು ಮೊದಲೇ ಹಚ್ಚಿಡಿ, ಹುಳುಗಳ ಸಭೆ ಅಲ್ಲಿ ಸೇರಲಿ.

ಧ್ವನಿಗೆ ಕಾಲರ್ ಮೈಕು ಬೇಡ. ಬೆವರಿಗೆ, ಗಾಳಿಗೆ, ಬ್ಯಾಟರಿಗೆ ಸೋಲುವ ವಸ್ತು ಅದು. ನೂರೈವತ್ತು ಜನರವರೆಗೆ ಬರಿದನಿ ಸಾಕು. ಜನ ಹೆಚ್ಚಿದ್ದರೆ ಹಾಡುವವರಿಗೂ ಹಾರ್ಮೋನಿಯಮ್ಮಿಗೂ ಒಂದು ಮೈಕು, ನಟರಿಗೆ ಮುಂದಿನ ಅಂಚಿನಲ್ಲಿ ಇನ್ನೊಂದು. ಚಳಿಗಾಲದ ಇಬ್ಬನಿಗೆ ಹಲಗೆ ಸಡಿಲಾಗಿ ದಬದಬ ಎನ್ನುತ್ತದೆ. ಮಧ್ಯೆ ಕಾಯಿಸಲು ಸಣ್ಣ ಬೆಂಕಿ ಬೇಕು, ಹುಲ್ಲಿನ ಬಣವೆಯಿಂದ ದೂರ ಹಾಕಿ.

ದಾರಿ ಮತ್ತು ದಿನ

ಬಳ್ಳಾರಿ, ಕುರುಗೋಡು, ಕಂಪ್ಲಿ, ಗಂಗಾವತಿ, ಕಾರಟಗಿ, ಸಿಂಧನೂರು, ಮಸ್ಕಿ, ಲಿಂಗಸುಗೂರು, ಕುಷ್ಟಗಿ, ಕೊಪ್ಪಳ. ಹೀಗೆ ಸುತ್ತಿದರೆ ಹಿಂದಕ್ಕೆ ಹೋಗಬೇಕಾಗಿಲ್ಲ. ಹತ್ತು ಊರಿಗೆ ಹನ್ನೆರಡು ದಿನ ಇಡಿ, ನಾಲ್ಕು ಪ್ರಯೋಗಕ್ಕೊಂದು ದಿನ ಬಟ್ಟೆ ಒಗೆಯಲು, ಗಂಟಲಿಗೆ ಬಿಡುವು ಕೊಡಲು. ಮಳೆಗಾಲದಲ್ಲಿ ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟರೆ ಕಂಪ್ಲಿ–ಗಂಗಾವತಿ ಸೇತುವೆ ಮುಳುಗುತ್ತದೆ. ಆಗ ಹೊಸಪೇಟೆ, ಮುನಿರಾಬಾದ್ ಕಡೆಯಿಂದ ಸುತ್ತು, ಎರಡು ತಾಸು ಹೆಚ್ಚು ಹಿಡಿಯುತ್ತದೆ.

ನೀರಾವರಿ ತಾಲ್ಲೂಕುಗಳಿಗೆ ಭತ್ತದ ಕುಯ್ಲು ಮುಗಿದು ಮುಂದಿನ ನಾಟಿಗೆ ಮುಂಚಿನ ಬಿಡುವಿನಲ್ಲಿ ಹೋಗಿ. ಆಗ ಜನರ ಕೈಯಲ್ಲಿ ಹೊತ್ತೂ ಇರುತ್ತದೆ, ಕಾಸೂ ಇರುತ್ತದೆ. ದೇವದುರ್ಗ, ಲಿಂಗಸುಗೂರು, ಕುಷ್ಟಗಿಯ ಒಣ ಸೀಮೆಯಲ್ಲಿ ಗುಳೆ ಹೋಗುವವರಿದ್ದಾರೆ. ತಡ ಮಾಡಿದರೆ ಅಂಗಳದಲ್ಲಿ ಮುದುಕರು, ಮಕ್ಕಳು ಮಾತ್ರ. ಏಪ್ರಿಲ್-ಮೇ ಬೇಡವೇ ಬೇಡ: 40 ಡಿಗ್ರಿ ದಾಟಿದ ಹಗಲಲ್ಲಿ ಕ್ಯಾರಿಯರ್ ಕಟ್ಟಿ ಬಿಚ್ಚಿದ ನಟನಿಂದ ರಾತ್ರಿ ಏನು ನಿರೀಕ್ಷಿಸುವುದು? ಪರೀಕ್ಷೆಯ ತಿಂಗಳು, ಚುನಾವಣೆಯ ಕಾಲ, ಮೊಹರಂ ದಿನಗಳು (ಮುದಗಲ್ ಕಡೆಯಂತೂ ಇಡೀ ಊರೇ ಅಲ್ಲಿರುತ್ತದೆ), ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ವಾರ, ಇವನ್ನು ಕ್ಯಾಲೆಂಡರಿನಲ್ಲಿ ಮೊದಲೇ ಕಾಟು ಹಾಕಿ. ಅಮಾವಾಸ್ಯೆಗೆ ಕೆಲವು ಡ್ರೈವರುಗಳು ಗಾಡಿ ತೆಗೆಯುವುದಿಲ್ಲ, ಕೇಳಿಕೊಳ್ಳಿ.

ಕಾಗದಪತ್ರ ಬೇಗ ಮುಗಿಯುವ ಕೆಲಸ, ಆದರೆ 15 ದಿನ ಮೊದಲು ಮುಗಿಯಬೇಕು. ಶಾಲೆ ಅಂಗಳವಾದರೆ ಮುಖ್ಯೋಪಾಧ್ಯಾಯರಿಗೆ, ಪಂಚಾಯಿತಿ ಜಾಗವಾದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ), ಮೈಕಿಗೆ ಪೊಲೀಸ್ ಠಾಣೆಗೆ. ಎಲ್ಲಕ್ಕೂ ಎರಡು ಪ್ರತಿ, ಒಂದರ ಮೇಲೆ ಸೀಲು ಹಾಕಿಸಿಕೊಂಡು ಕ್ರೂಸರಿನಲ್ಲೇ ಇಡಿ. ಪತ್ರದಲ್ಲಿ ಶುರುವಾಗುವ, ಮುಗಿಯುವ ಹೊತ್ತು, ಸ್ಪೀಕರ್ ಎಷ್ಟು ಎಂಬುದು ಸ್ಪಷ್ಟವಿರಲಿ.

ಎಲ್ಲಿ ಆಡಬೇಕು ಎಂಬುದು ಬೆಳಕು, ದನಿಯ ಪ್ರಶ್ನೆ ಮಾತ್ರವಲ್ಲ. ಗುಡಿಯ ಮುಂದಿನ ಕಟ್ಟೆ ನಾಟಕಕ್ಕೆ ಚೆಂದ, ಆದರೆ ಕೆಲವು ಊರುಗಳಲ್ಲಿ ಅಲ್ಲಿಗೆ ದಲಿತ ಕೇರಿಯವರು ಬರುವುದಿಲ್ಲ, ಬಂದರೂ ದೂರ ನಿಲ್ಲುತ್ತಾರೆ. ಶಾಲೆಯ ಅಂಗಳ ಎಲ್ಲರದು. ಡಂಗುರಕ್ಕೆ ಊರಿನ ಹಲಗೆಯವರನ್ನು ಕರೆಸುವ ಹಳೆಯ ಪದ್ಧತಿಯನ್ನೂ ಬಿಡಿ. ನಿಮ್ಮ ನಟರೇ ಹಲಗೆ ಹಿಡಿದು ಎಲ್ಲ ಕೇರಿಗೂ ಹೋಗಿ ಸಾರಲಿ. ಕೇರಿ ಸುತ್ತಿದ ದಿನಕ್ಕೂ ಸುತ್ತದ ದಿನಕ್ಕೂ ಇರುವ ವ್ಯತ್ಯಾಸ ಜಮಖಾನದ ಮೇಲೆ ಕಾಣುತ್ತದೆ.

ಆಟದ ದಿನ

ಮಧ್ಯಾಹ್ನ 2ಕ್ಕೆ ತಲುಪಿ. ಮೂರಕ್ಕೆ ನೆಲ, ನಾಲ್ಕಕ್ಕೆ ಕರೆಂಟು, ಐದಕ್ಕೆ ಕೇರಿ ಸುತ್ತುವುದು. ಆರೂವರೆಗೆ ದೀಪ ಹಚ್ಚಿ ತಿರುಗಿಸಿಟ್ಟು, ಏಳಕ್ಕೆ ಹುಳದ ಬಲ್ಬು. ತಿಂಡಿಗೆ ಮಂಡಕ್ಕಿ, ಬಾಳೆಹಣ್ಣು. ಮಿರ್ಚಿ ಬಜ್ಜಿ ತಂದುಕೊಡುವವರು ಇದ್ದೇ ಇರುತ್ತಾರೆ, ಮುಚ್ಚಿಟ್ಟು ಹತ್ತರ ಮೇಲೆ ತಿನ್ನಿ. ಎಣ್ಣೆ, ಖಾರ ಗಂಟಲನ್ನು ಹಿಡಿಯುತ್ತವೆ. ಮಕ್ಕಳು ಆಟದ ಜಾಗಕ್ಕೆ ಇಂಚಿಂಚೇ ಸರಿದು ಬರುತ್ತಾರೆ. ಬೂದಿಯಿಂದ ಗೆರೆ ಎಳೆದು, ಒಳಗೆ ಬಂದವರನ್ನು ನಾಟಕಕ್ಕೆ ಸೇರಿಸಿಕೊಳ್ಳುತ್ತೇವೆ ಎಂದು ಹೇಳಿದರೆ ಅರ್ಧ ಗಂಟೆ ಗೆರೆ ಉಳಿಯುತ್ತದೆ.

ದೊಡ್ಡ ಗಂಡಾಂತರ ಸನ್ಮಾನ. ಶಾಲು, ಹಾರ, ಏಳು ಜನರ ಭಾಷಣ ಮುಗಿಯುವಾಗ ಒಂಬತ್ತು ಗಂಟೆ, ಮಕ್ಕಳಿಗೆ ನಿದ್ದೆ. ಊರಿನವರೊಂದಿಗೆ ಮೊದಲ ಮಾತಿನಲ್ಲೇ ಒಪ್ಪಿಕೊಳ್ಳಿ: ಎಂಟೂಕಾಲಿಗೆ ಹಿರಿಯರೊಬ್ಬರು ಹಲಗೆಗೆ ಮೊದಲ ಪೆಟ್ಟು ಹೊಡೆದರೆ ಅದೇ ಉದ್ಘಾಟನೆ, ಶಾಲುಗಳೆಲ್ಲ ನಾಟಕದ ನಂತರ. ಫ್ಲೆಕ್ಸು ಕೌದಿಯ ಹಿಂದೆಯೂ ಬೇಡ, ಮುಂದೆಯೂ ಬೇಡ, ಗೇಟಿನ ಹತ್ತಿರ ಇರಲಿ.

ಮುಗಿದ ಮೇಲೆ ‘ನಾಟಕ ಹೆಂಗಿತ್ತು’ ಎಂದು ಕೇಳಿದರೆ ‘ಚಲೋ ಇತ್ರಿ’ ಎಂಬ ಉತ್ತರಕ್ಕೆ ಮಾತು ನಿಲ್ಲುತ್ತದೆ. ಒಂದು ಪಾತ್ರವನ್ನು ಹಿಡಿದು, ‘ಆಕಿ ಮನಿ ಬಿಟ್ಟು ಹೋಗಿದ್ದು ಸರಿ ಏನ್ರೆವ್ವಾ?’ ಎಂದು ಹೆಂಗಸರ ಕಡೆ ತಿರುಗಿ ಕೇಳಿ, ಮೈಕನ್ನು ಅವರ ಕೈಗೇ ಕೊಡಿ.

ಹಣ

ಒಂದು ಪ್ರಯೋಗದ ಖರ್ಚು ತಿಳಿಯಲು ಒಟ್ಟು ಖರ್ಚನ್ನು ಆಡಿದ ದಿನಗಳಿಂದ ಭಾಗಿಸಿ, ಆ ಒಟ್ಟಿನಲ್ಲಿ ಕೂಲಿಯನ್ನು ತಿರುಗಿದ ಎಲ್ಲ ದಿನಗಳಿಗೂ ಲೆಕ್ಕ ಹಾಕಿ. ಬಿಡುವಿನ ಎರಡು ದಿನದ ಊಟ, ಗಾಡಿಯ ನಿಲುಗಡೆ ಬಾಡಿಗೆ ಮರೆತವರೇ ಕೊನೆಗೆ ಕೈಯಿಂದ ಹಾಕುತ್ತಾರೆ. ನಟರ ದಿನದ ಸಂಭಾವನೆ ಆ ಊರಿನ ಹೊಲದ ಕೂಲಿಗಿಂತ ಕಡಿಮೆಯಾದರೆ ಮುಂದಿನ ವರ್ಷ ಆ ನಟರು ಸಿಗುವುದಿಲ್ಲ. ಸರ್ಕಾರಿ ನೆರವು ಕೇಳಬೇಕಿದ್ದರೆ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿ, ಕನಿಷ್ಠ ಏಳು ಸದಸ್ಯರು ಬೇಕು. ಆದರೆ ಆ ಹಣ ಕೈಗೆ ಬರುವುದು ಆಟ ಮುಗಿದ ಎಷ್ಟೋ ದಿನಕ್ಕೆ. ಗಾಡಿ ಬಾಡಿಗೆಯನ್ನು ಅದರ ಮೇಲೆ ನಿಲ್ಲಿಸಬೇಡಿ. ಆಟದ ಕೊನೆಯಲ್ಲಿ ಜೋಳಿಗೆ ತಿರುಗಿಸುವುದು ಈ ನೆಲಕ್ಕೆ ಒಗ್ಗಿದ ಕ್ರಮ. ಪಕ್ಕದಲ್ಲಿ ಕ್ಯೂಆರ್ ಹಲಗೆಯೂ ಇರಲಿ. ಕೆಲವು ಊರು ದುಡ್ಡಿನ ಬದಲು ಅಕ್ಕಿ, ಜೋಳದ ಚೀಲ ಕೊಡುತ್ತವೆ, ಬೇಡವೆನ್ನದೆ ತೆಗೆದುಕೊಂಡು ಮುಂದಿನ ಊರಿನ ಅಡಿಗೆಗೆ ಕೊಡಿ.

ಬಿಚ್ಚುವಾಗ ಮೊದಲು ಎಂಸಿಬಿ ಇಳಿಸಿ, ಗೋಡೆಯ ಪ್ಲಗ್ ಕಿತ್ತು, ಆಮೇಲೆ ದೀಪಕ್ಕೆ ಕೈ ಹಚ್ಚಿ. ಪ್ರತಿ ಪೆಟ್ಟಿಗೆಯ ಒಳಗೆ ಅದರಲ್ಲಿರಬೇಕಾದ ಸಾಮಾನಿನ ಪಟ್ಟಿ ಅಂಟಿಸಿ. ಒಬ್ಬ ಓದಬೇಕು, ಇನ್ನೊಬ್ಬ ಮುಟ್ಟಿ ಹೌದೆನ್ನಬೇಕು. ಹೆಚ್ಚಾಗಿ ಉಳಿದುಹೋಗುವುದು ದೂರದಲ್ಲಿ ಕಟ್ಟಿದ ಆ ಬಿಳಿ ಬಲ್ಬು.